ಗಿರಿಯಾತ್ರೆಯೂ ನೇತ್ರಋಣವೂ

ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಯೋಧರ ಪೋಷಣೆಗಾಗಿ ಧನ ಕೂಡಿಸಬೇಕೆಂದು ಸಂಕಲ್ಪಿಸಿ, ತಾನು ಇಂತಹ ಬೆಟ್ಟವನ್ನು ಏರಿ ಬಂದರೆ ನೀವು ಇಷ್ಟು ಹಣ ಕೊಡತಕ್ಕದ್ದೆಂದು ಬಂಧುಮಿತ್ರರಿಂದ ಮಾತು ಪಡೆದು, ಬಳಿಕ ಬೆನ್ನಿಗೆ ಹೊರೆ ಕಟ್ಟಿಕೊಂಡು ಶಿಖರದ ಕಡೆಗೆ ನಡೆಯುವ ಪದ್ಧತಿಯೊಂದು ಪಶ್ಚಿಮದ ದೇಶಗಳಲ್ಲಿ ರೂಢಿಯಾಗಿ ಬಹುಕಾಲವಾಯಿತು. ಆರ್ಥರ್ ಪಿಯರ್‌ಸನ್ ಎಂಬ ಪತ್ರಿಕೋದ್ಯಮಿ, ಗ್ಲಾಕೋಮಾ ರೋಗದಿಂದ ತಾನೇ ದೃಷ್ಟಿಹೀನನಾಗಿದ್ದವನು, ಮೊದಲನೆಯ ಮಹಾಯುದ್ಧದಲ್ಲಿ ಅಂಧರಾಗಿ ಮರಳುತ್ತಿದ್ದ ಸೈನಿಕರಿಗಾಗಿ 1915ರಲ್ಲಿ ಲಂಡನ್ನಿನಲ್ಲಿ ಸ್ಥಾಪಿಸಿದ ಸೇಂಟ್ ಡನ್‌ಸ್ಟನ್ಸ್ ಎಂಬ ಸಂಸ್ಥೆ ಇಂದಿಗೂ ಬೇರೊಂದು ಹೆಸರಿನಿಂದ ನಡೆದುಕೊಂಡು ಬಂದಿದ್ದು, ಅದರ ಸಹಾಯಾರ್ಥವಾಗಿ ಪರ್ವತವೇರುವವರು ಇಂದಿಗೂ ಇದ್ದಾರೆ. ಬಿಡುವು ಸಿಕ್ಕಿತೆಂದರೆ ಕಪ್ಪತಗುಡ್ಡಕ್ಕೋ ಸಹ್ಯಾದ್ರಿಯ ಕಡೆಗೋ ಚಾರಣ ಹೊರಡುವ ಹುಬ್ಬಳ್ಳಿ-ಧಾರವಾಡದ ತರುಣರ ಮನಸ್ಸಿಗೂ ಇಂತಹ ವಿಚಾರ ಬರುವುದು ಸಹಜವೇ ಆದುದರಿಂದ, ಇದರ ಹಿಂದಿರುವ ತತ್ತ್ವವೇನೆಂಬುದನ್ನು ಸ್ವಲ್ಪ ನಿಧಾನವಾಗಿ ವಿಚಾರಿಸುವುದು ಯುಕ್ತವೆಂದು ನನಗೆ ತೋರುತ್ತದೆ.

ಅಂಧನಾದ ಯೋಧನಿಗೆ ಬೇಕಾದುದು ಹಣ. ಆ ಹಣ ಕೊಡುವವನ ಬಳಿ ಇದೆ. ಹಾಗಿರುವಲ್ಲಿ ನಡುವೆ ಮೂರನೆಯವನೊಬ್ಬನು ಬಂದು, ಮೊಣಕಾಲು ನೋಯಿಸಿಕೊಂಡು, ಏದುಸಿರು ಬಿಡುತ್ತ, ಒಂದು ಶಿಲಾಶಿಖರವನ್ನು ಮುಟ್ಟಿ ಬರುವುದರಿಂದ ಆ ಕೊಡುಗೆಗೆ ಯಾವ ಹೊಸ ಗುಣ ಕೂಡಿಕೊಳ್ಳುತ್ತದೆ? ಒಬ್ಬನ ಕಾಲಿನ ಬಳಲಿಕೆ ಮತ್ತೊಬ್ಬನ ಕಣ್ಣಿನ ನಷ್ಟವನ್ನು ಯಾವ ನ್ಯಾಯದಿಂದ ಮುಟ್ಟುತ್ತದೆ? ಲೆಕ್ಕಾಚಾರದ ಬುದ್ಧಿ ‘ಯಾವ ನ್ಯಾಯದಿಂದಲೂ ಇಲ್ಲ’ ಎಂದು ಹೇಳಿ ಸುಮ್ಮನಾಗುತ್ತದೆ. ಆದರೆ ಆ ಉತ್ತರವನ್ನು ನಮ್ಮ ಕಡೆಯ ಜನ ಎಂದೂ ಒಪ್ಪಿದವರಲ್ಲ.

ಯುಗಾದಿ ಸಮೀಪಿಸುತ್ತಿದ್ದಂತೆ ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸೀಮೆಗಳಿಂದ ಸಾವಿರಾರು ಮಂದಿ ಮಲ್ಲಯ್ಯನ ಕಂಬಿಯನ್ನು ಹೊತ್ತು ಶ್ರೀಶೈಲದ ದಾರಿ ಹಿಡಿಯುತ್ತಾರೆ. ಬೇಸಗೆಯ ಉರಿಬಿಸಿಲಿನಲ್ಲಿ ದಿನಗಟ್ಟಲೆ ನಡೆದು, ಆತ್ಮಕೂರನ್ನು ದಾಟಿ, ನಲ್ಲಮಲದ ಕಾಡನ್ನು ಹೊಕ್ಕು, ಭೀಮನಕೊಳ್ಳದ ಕಡಿದಾದ ಹಾದಿಯನ್ನು ಇಳಿದು ಏರಿ, ಕೈಲಾಸದ್ವಾರವನ್ನು ಮುಟ್ಟುವ ಹೊತ್ತಿಗೆ ಅಂಗಾಲುಗಳೆಲ್ಲ ಬೊಬ್ಬೆಯೆದ್ದಿರುತ್ತವೆ. ಮರಗಾಲು ಕಟ್ಟಿಕೊಂಡೇ ನಡೆಯುವ ಹರಕೆಯವರೂ ಆ ಸಮುದಾಯದಲ್ಲಿ ಉಂಟು. ದಾರಿಯುದ್ದಕ್ಕೂ ಊರವರು ಚಪ್ಪರ ಹಾಕಿ, ಅನ್ನ ನೀಡಿ, ಮಜ್ಜಿಗೆ ಕೊಟ್ಟು, ಯಾತ್ರಿಕರ ಕಾಲಿಗೆ ಎಣ್ಣೆ ತಿಕ್ಕಿ ಕಳುಹಿಸುತ್ತಾರೆ. ಇಲ್ಲಿ ನಡೆಯದವನು ನಡೆಯುವವನಿಗೆ ಕೊಡುತ್ತಾನೆ. ನಡೆಯುವವನು ತನ್ನ ನಡಿಗೆಯನ್ನೇ ಮಲ್ಲಯ್ಯನಿಗೆ ಒಪ್ಪಿಸುತ್ತಾನೆ. ನೀಡಿದವನಿಗೂ ಯಾತ್ರೆಯ ಪುಣ್ಯದಲ್ಲಿ ಪಾಲುಂಟೆಂದು ಇಬ್ಬರೂ ನಂಬುತ್ತಾರೆ. ಯೋಧರ ಸಹಾಯಾರ್ಥ ನಡೆಯುವ ಚಾರಣದಲ್ಲಿಯೂ ಇದೇ ಮೂವರಿದ್ದಾರೆ: ಮನೆಯಲ್ಲಿದ್ದು ಕೊಡುವವನಿದ್ದಾನೆ, ನಡೆಯುವವನಿದ್ದಾನೆ, ಮಲ್ಲಯ್ಯನ ಸ್ಥಾನದಲ್ಲಿ ಮಾತ್ರ ಕಣ್ಣಿಲ್ಲದ ಸೈನಿಕನೊಬ್ಬನು ಕುಳಿತಿದ್ದಾನೆ. ಸ್ಥಾವರಕ್ಕಿಂತ ಜಂಗಮವೇ ಹಿರಿದೆಂದು ಕಲ್ಯಾಣದ ಶರಣರು ಸಾರಿದ ಈ ನಾಡಿನಲ್ಲಿ ಅಂತಹ ಪಲ್ಲಟ ಯಾರನ್ನೂ ಬೆಚ್ಚಿಸಬೇಕಾದುದಿಲ್ಲ.

ನಡೆದು ಬೇಡುವುದೂ ನಮಗೆ ಹೊಸದಲ್ಲ. ಹಾನಗಲ್ಲಿನ ಕುಮಾರಸ್ವಾಮಿಗಳ ಜೋಳಿಗೆಯಿಂದ ಎಷ್ಟು ಕಾರ್ಯಗಳು ನಡೆದುವೆಂಬುದನ್ನೂ, ಧಾರವಾಡದ ಮುರುಘಾಮಠದ ಮೃತ್ಯುಂಜಯಪ್ಪಗಳು ಹಳ್ಳಿಹಳ್ಳಿಗಳ ಭಕ್ತಿಯ ಕಾಳಿನಿಂದ ಎಷ್ಟು ಬಡ ವಿದ್ಯಾರ್ಥಿಗಳಿಗೆ ಪ್ರಸಾದ ನೀಡಿದರೆಂಬುದನ್ನೂ ಈ ಭಾಗದ ಹಿರಿಯರು ಬಲ್ಲರು. 1951ರಲ್ಲಿ ಪೋಚಂಪಲ್ಲಿಯಿಂದ ಭೂದಾನದ ನಡಿಗೆಯನ್ನು ಆರಂಭಿಸಿದ ವಿನೋಬಾರವರೂ ಭೂಮಿಯನ್ನು ಭಿಕ್ಷೆಯಾಗಿ ಕೇಳಲಿಲ್ಲ, ಬಡವನ ಪಾಲೆಂದು ಕೇಳಿದರು. ಕೇಳುವ ಆ ಅಧಿಕಾರ ಅವರಿಗೆ ಬಂದುದು ಬಹುಮಟ್ಟಿಗೆ ಅವರ ಕಾಲುಗಳಿಂದಲೇ.

ಆದರೂ ಕಾಯಕ್ಲೇಶವನ್ನು ಕಂಡಲ್ಲೆಲ್ಲ ಕೈಮುಗಿಯುವುದು ವಿವೇಕವಲ್ಲವೆಂದು ನಮ್ಮ ಶಾಸ್ತ್ರಗಳೇ ಎಚ್ಚರಿಸಿವೆ. ಗೀತೆಯ ಹದಿನೇಳನೆಯ ಅಧ್ಯಾಯ ತಪಸ್ಸನ್ನು ಮೂರು ಬಗೆಯಾಗಿ ವಿಂಗಡಿಸುವಾಗ, ಸತ್ಕಾರಕ್ಕಾಗಿಯೂ ಮಾನಕ್ಕಾಗಿಯೂ ಡಂಭದಿಂದ ಮಾಡಿದ ತಪಸ್ಸನ್ನು ರಾಜಸವೆಂದೂ ಅಸ್ಥಿರವೆಂದೂ ಕರೆದಿದೆ. ಶಿಖರದ ಮೇಲೆ ನಿಂತು ತೆಗೆಸಿಕೊಂಡ ಭಾವಚಿತ್ರದಲ್ಲಿ ಏರಿದವನ ಮುಖ ದೊಡ್ಡದಾಗಿಯೂ, ಯಾರಿಗಾಗಿ ಏರಿದನೋ ಆತನ ಹೆಸರು ಅಂಚಿನಲ್ಲಿ ಸಣ್ಣಕ್ಷರದಲ್ಲಿಯೂ ಇದ್ದರೆ, ಅಲ್ಲಿ ನಡೆದುದು ಯಾವ ತಪಸ್ಸೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕೊಡುವವನಲ್ಲಿ ಶ್ರದ್ಧೆಯ ಜೊತೆಗೆ ಲಜ್ಜೆಯೂ ಭಯವೂ ಇರಬೇಕೆಂದು ತೈತ್ತಿರೀಯೋಪನಿಷತ್ತು ಗುರುಕುಲದಿಂದ ಹೊರಡುವ ಶಿಷ್ಯನಿಗೆ ವಿಧಿಸುತ್ತದೆ. ಉಪಕಾರ ಮಾಡುವವನು ನಾಚಬೇಕೇಕೆ, ಅಂಜಬೇಕೇಕೆ ಎಂಬುದು ಬಹಳ ಕಾಲ ನನ್ನನ್ನು ಕಾಡಿದ ಪ್ರಶ್ನೆ. ಅಂಧಯೋಧರ ವಿಷಯವನ್ನು ಯೋಚಿಸಿದಷ್ಟೂ ಆ ವಿಧಿಯ ಅರ್ಥ ತಿಳಿಯಾಗುತ್ತ ಬಂದಿದೆ. ಏಕೆಂದರೆ ಇಲ್ಲಿ ಕೊಡುವುದು ಉಪಕಾರವೇ ಅಲ್ಲ.

ಹುಟ್ಟಿನಿಂದಲೇ ಕುರುಡನಾದವನ ಕಷ್ಟಕ್ಕೆ ನಾನು ಮರುಗಬಹುದು, ಮರುಗಿ ನೆರವಾಗಬಹುದು. ಅದರ ಕಾರಣ ನಾನಲ್ಲ. ಗಡಿಯ ಗುಡ್ಡದ ಮೇಲೆ ಸಿಡಿಗುಂಡಿನ ಚೂರು ತಗುಲಿ ಕಣ್ಣು ಹೋದವನಾದರೋ ನನ್ನ ಹೆಸರಿನಲ್ಲಿ, ನನ್ನ ತೆರಿಗೆಯ ಹಣದಿಂದ ಕೊಂಡ ಬಂದೂಕನ್ನು ಹಿಡಿದು, ನಾನು ಆರಿಸಿದ ಸರ್ಕಾರದ ಆಜ್ಞೆಯಂತೆ ಅಲ್ಲಿ ನಿಂತಿದ್ದವನು. ಮನುಷ್ಯನು ಹುಟ್ಟುವಾಗಲೇ ದೇವತೆಗಳಿಗೂ ಋಷಿಗಳಿಗೂ ಪಿತೃಗಳಿಗೂ ಋಣಿಯಾಗಿ ಹುಟ್ಟುತ್ತಾನೆಂದು ಹೇಳುವ ಪರಂಪರೆಯಲ್ಲಿ ಶತಪಥಬ್ರಾಹ್ಮಣ ನಾಲ್ಕನೆಯದೊಂದನ್ನು, ಮನುಷ್ಯರ ಋಣವನ್ನು, ಸೇರಿಸಿ, ವಸತಿಯನ್ನೂ ಅನ್ನವನ್ನೂ ಕೊಟ್ಟು ಅದನ್ನು ತೀರಿಸತಕ್ಕದ್ದೆಂದು ವಿಧಿಸಿತು. ಅಂಧಯೋಧನಿಗೆ ನಾವು ಕೊಡುವ ವಸತಿಯೂ ಅನ್ನವೂ ವಿದ್ಯೆಯೂ ಈ ನಾಲ್ಕನೆಯ ಲೆಕ್ಕಕ್ಕೆ ಸೇರುತ್ತವೆ. ಬಾಕಿಯಿರುವವನು ಬಾಕಿ ಸಲ್ಲಿಸುವಾಗ ಅವನ ಮುಖದಲ್ಲಿ ಇರತಕ್ಕದ್ದು ಲಜ್ಜೆಯೇ. ತೀರಿಸಲಾಗದೆ ಹೋದೀತೆಂಬ ಭಯವೇ.

ಈ ಋಣದ ಸ್ವರೂಪವನ್ನು ಒಬ್ಬ ವ್ಯಕ್ತಿಯ ಚರಿತ್ರೆ ಬಹಳ ಚೆನ್ನಾಗಿ ತೋರಿಸುತ್ತದೆ. ಕ್ಲೂತಾ ಮೆಕೆಂಜಿ ನ್ಯೂಜಿಲೆಂಡಿನವನು. 1915ರ ಆಗಸ್ಟಿನಲ್ಲಿ ಗ್ಯಾಲಿಪೊಲಿಯ ಯುದ್ಧದಲ್ಲಿ, ಚುನುಕ್ ಬಾಯಿರ್ ಎಂಬ ಗುಡ್ಡದ ನೆತ್ತಿಯನ್ನು ಹಿಡಿಯುವ ಕಾಳಗದಲ್ಲಿ, ಇಪ್ಪತ್ತರ ಪ್ರಾಯದಲ್ಲಿ ಎರಡು ಕಣ್ಣುಗಳನ್ನೂ ಕಳೆದುಕೊಂಡು, ಸೇಂಟ್ ಡನ್‌ಸ್ಟನ್ಸಿನಲ್ಲಿ ಬೆರಳಿನಿಂದ ಓದುವುದನ್ನು ಕಲಿತನು. ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೈನಿಕರು ಅಂಧರಾಗಿ ಮರಳತೊಡಗಿದಾಗ 1943ರಲ್ಲಿ ಡೆಹ್ರಾಡೂನ್‌ನಲ್ಲಿ ಅವರಿಗಾಗಿ ತೆರೆದ ಸೇಂಟ್ ಡನ್‌ಸ್ಟನ್ಸ್ ವಸತಿಗೃಹದ ಹಿಂದೆ ಇದ್ದುದು ಅವನ ಶ್ರಮ. 1950ರಲ್ಲಿ ಭಾರತ ಸರ್ಕಾರ ಅದನ್ನು ವಹಿಸಿಕೊಂಡು, ಸೈನಿಕರಿಗಷ್ಟೇ ಮೀಸಲಾಗಿದ್ದ ಆ ಮನೆಯನ್ನು ದೇಶದ ಎಲ್ಲ ವಯಸ್ಕ ಅಂಧರ ಶಿಕ್ಷಣಕೇಂದ್ರವನ್ನಾಗಿ ಮಾಡಿತು. ಮರುವರ್ಷವೇ ಡೆಹ್ರಾಡೂನ್‌ನಲ್ಲಿ ಕೇಂದ್ರ ಬ್ರೈಲ್ ಮುದ್ರಣಾಲಯ ಆರಂಭವಾಯಿತು. ನಮ್ಮ ದೇಶಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ ಲಿಪಿ ನಿರ್ಣಯವಾದುದೂ ಆ 1951ರಲ್ಲಿಯೇ. ಲೋಕದ ನಾನಾ ಭಾಷೆಗಳ ಬ್ರೈಲ್ ಲಿಪಿಗಳಿಗೆ ಏಕರೂಪ ತರಲು ಯುನೆಸ್ಕೋ ಕೈಗೊಂಡ ಕಾರ್ಯದಲ್ಲಿ ಮುಂದೆ ನಿಂತವನೂ ಇದೇ ಮೆಕೆಂಜಿ. ಇಂದು ನಮ್ಮಲ್ಲಿ ದೃಷ್ಟಿಯಿಲ್ಲದ ಮಗುವೊಂದು ಆರು ಚುಕ್ಕೆಗಳ ಮೇಲೆ ಬೆರಳಾಡಿಸಿ ಕನ್ನಡದ ‘ಅ’ ಎಂಬ ಅಕ್ಷರವನ್ನು ಗುರುತಿಸುವುದರಲ್ಲಿ, ಯಾವುದೋ ದೂರದ ಗುಡ್ಡದ ನೆತ್ತಿಯ ಮೇಲೆ ನೂರು ವರ್ಷಗಳ ಹಿಂದೆ ಆರಿಹೋದ ಎರಡು ಕಣ್ಣುಗಳ ಪಾಲೂ ಇದೆ. ನಾವು ಪೋಷಿಸಬೇಕೆಂದುಕೊಂಡವರಿಂದಲೇ ನಾವು ಪೋಷಿತರಾಗಿದ್ದೇವೆ.

ಧಾರವಾಡ ಜಿಲ್ಲೆಗೆ ಪರ್ವತದ ಋಣವನ್ನು ಬೇರೆಯವರ ಚರಿತ್ರೆಯಿಂದ ಕಲಿಯಬೇಕಾದ ಅಗತ್ಯವೂ ಇಲ್ಲ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, 2016ರ ಫೆಬ್ರವರಿ 3ರಂದು ಸಿಯಾಚಿನ್ನಿನ 19,600 ಅಡಿ ಎತ್ತರದ ಠಾಣೆಯಲ್ಲಿ ಹಿಮಪಾತಕ್ಕೆ ಸಿಕ್ಕಿ, ಒಂಬತ್ತು ಮಂದಿ ಸಂಗಾತಿಗಳು ಅಸು ನೀಗಿದ ಆ ಹಿಮರಾಶಿಯ ಅಡಿಯಿಂದ ಆರು ದಿನಗಳ ಮೇಲೆ ಜೀವಸಹಿತನಾಗಿ ಹೊರಬಂದು, 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದಾಗ ಈ ಜಿಲ್ಲೆಯ ಮನೆಮನೆಯೂ ಸೂತಕ ಹಿಡಿಯಿತು. ಜೋಳ ಹತ್ತಿ ಬೆಳೆಯುವ ಎರೆಯ ಬಯಲಿನಲ್ಲಿ ಹುಟ್ಟಿದವನನ್ನು ಅಷ್ಟು ಎತ್ತರಕ್ಕೆ ಒಯ್ದುದು ವಿಹಾರವಲ್ಲ, ಕಾಯಕ. ಚಾರಣಿಗನು ಬೆಟ್ಟವನ್ನು ತಾನಾಗಿ ಆರಿಸಿಕೊಳ್ಳುತ್ತಾನೆ, ಸಂಜೆಗೆ ಇಳಿದು ಬರುತ್ತಾನೆ. ಸೈನಿಕನಿಗೆ ಬೆಟ್ಟ ವಿಧಿಸಲ್ಪಟ್ಟುದು, ಅಲ್ಲಿಂದ ಹಿಂದಿರುಗುವುದು ಅವನ ಕೈಯಲ್ಲಿಲ್ಲ. ಕಣ್ಣು ಕಳೆದುಕೊಂಡು ಮರಳಿದವನಂತೂ ಮರಳಿದ ಮೇಲೂ ಇಳಿದು ಮುಗಿಯದ ಒಂದು ಇಳಿಜಾರಿನಲ್ಲಿ ಇರುತ್ತಾನೆ. ಈ ಅಂತರವನ್ನು ಯಾವ ನಿಧಿಯೂ ತುಂಬಲಾರದೆಂಬುದನ್ನು ಮೊದಲು ಒಪ್ಪಬೇಕು. ಹಣದಿಂದ ತೀರುವ ಭಾಗ ಹಣದಿಂದ ತೀರಲಿ. ತೀರದೆ ಉಳಿಯುವ ಭಾಗವನ್ನು ‘ಇದೆ’ ಎಂದು ಒಪ್ಪಿಕೊಳ್ಳುವುದಕ್ಕಾದರೂ ದೇಹ ಏನನ್ನಾದರೂ ಮಾಡಬೇಕೆಂದು ಹಂಬಲಿಸುತ್ತದೆ. ದೇಹದಿಂದ ಪಡೆದುದನ್ನು ದೇಹದಿಂದಲೇ ನೆನೆಯುವ ಆ ಹಂಬಲವೇ ಕಾಲುಗಳನ್ನು ಬೆಟ್ಟದ ಕಡೆಗೆ ಎತ್ತಿಸುತ್ತದೆಂದು ನಾನು ತಿಳಿಯುತ್ತೇನೆ. ಬಳಲಿಕೆ ಇಲ್ಲಿ ಬೆಲೆಯಲ್ಲ, ಸಾಕ್ಷಿ.

ಇಲ್ಲಿಯೇ ಒಂದು ದಾರಿತಪ್ಪುವ ಸಂಭವವಿದೆ. ಅಂಧರ ಕಷ್ಟವನ್ನು ಅನುಭವಿಸಿ ನೋಡುತ್ತೇವೆಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆಯುವ ಕಾರ್ಯಕ್ರಮಗಳು ಅಲ್ಲಲ್ಲಿ ನಡೆಯುತ್ತವೆ. ಉದ್ದೇಶ ಒಳ್ಳೆಯದೇ ಆದರೂ ಅದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಗಂಡನನ್ನು ಮೀರಿ ನೋಡಬಾರದೆಂದು ಗಾಂಧಾರಿ ಕಣ್ಣು ಕಟ್ಟಿಕೊಂಡಳು. ಆ ವ್ರತದ ಮಹಿಮೆಯನ್ನು ಕವಿಗಳು ಎಷ್ಟು ಹೊಗಳಿದರೂ ಧೃತರಾಷ್ಟ್ರನಿಗೆ ಅದರಿಂದ ಒಂದು ಹೆಜ್ಜೆಯ ದಾರಿಯೂ ಹೆಚ್ಚಾಗಿ ಕಾಣಲಿಲ್ಲ. ಆ ಅರಮನೆಯಲ್ಲಿ ನೋಡುವ ಕಣ್ಣುಗಳು ಎರಡು ಕಡಿಮೆಯಾದುವು, ಅಷ್ಟೆ. ಅವನಿಗೆ ರಣರಂಗವನ್ನು ಕಾಣಿಸಿದವನು ಕಣ್ಣು ತೆರೆದುಕೊಂಡಿದ್ದ ಸಂಜಯ. ಇನ್ನೂ ಒಂದು ದೃಶ್ಯವಿದೆ. ಗದುಗಿನ ನಾರಣಪ್ಪನು ಹತ್ತು ಪರ್ವಗಳಿಗೆ ನಿಲ್ಲಿಸಿದುದರಿಂದ ಅದು ನಮ್ಮ ಗಮಕಿಗಳ ಬಾಯಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ವ್ಯಾಸರ ಆಶ್ರಮವಾಸಿಕಪರ್ವದಲ್ಲಿ ಮುದುಕನಾದ ಧೃತರಾಷ್ಟ್ರನು ಹಸ್ತಿನಾವತಿಯನ್ನು ಬಿಟ್ಟು ಕಾಡಿಗೆ ಹೊರಡುವಾಗ, ಮುಂದೆ ಕುಂತಿ ನಡೆಯುತ್ತಾಳೆ. ಅವಳ ಹೆಗಲ ಮೇಲೆ ಗಾಂಧಾರಿಯ ಕೈ. ಗಾಂಧಾರಿಯ ಹೆಗಲ ಮೇಲೆ ಧೃತರಾಷ್ಟ್ರನ ಕೈ. ಆ ಸಂಸಾರದಿಂದ ಕುಂತಿಗೆ ಆದ ಅನ್ಯಾಯ ಅಷ್ಟಿಷ್ಟಲ್ಲ. ಆದರೂ ಅವಳು ತನ್ನ ಕಣ್ಣನ್ನು ಮುಚ್ಚಿಕೊಳ್ಳದೆ ಹೆಗಲನ್ನು ಕೊಟ್ಟಳು. ಇಂದು ಅಂಧರನ್ನು ಕರೆದೊಯ್ಯುವ ಕ್ರಮವನ್ನು ಕಲಿಸುವವರೂ ಅವರ ಕೈ ಹಿಡಿದು ಎಳೆಯಬೇಡಿ, ನಿಮ್ಮ ಮೊಳಕೈಯನ್ನೋ ಹೆಗಲನ್ನೋ ಅವರು ಹಿಡಿಯುವಂತೆ ಅರ್ಧ ಹೆಜ್ಜೆ ಮುಂದೆ ನಡೆಯಿರಿ ಎಂದೇ ಕಲಿಸುತ್ತಾರೆ. ಸಹಾನುಭೂತಿಗೆ ಇದಕ್ಕಿಂತ ಖಚಿತವಾದ ಶಾಸ್ತ್ರ ನನಗೆ ತಿಳಿಯದು.

ಬೇಡರ ಕಣ್ಣಪ್ಪನನ್ನು ನೆನೆಯದೆ ಕನ್ನಡಿಗನು ಕಣ್ಣಿನ ದಾನದ ಮಾತಾಡಲಾರ. ಎರಡನೆಯ ಕಣ್ಣನ್ನು ಕೀಳುವ ಮೊದಲು, ಕಿತ್ತ ಮೇಲೆ ಸ್ಥಳ ಕಾಣದೆಂದು ಲಿಂಗದ ಮೇಲೆ ಕಾಲಿಟ್ಟು ಗುರುತು ಹಿಡಿದನಲ್ಲ, ಆ ಎಚ್ಚರ ನನಗೆ ಅವನ ಭಕ್ತಿಯಷ್ಟೇ ದೊಡ್ಡದಾಗಿ ಕಾಣುತ್ತದೆ: ಕೊಟ್ಟುದು ಸರಿಯಾದ ಜಾಗಕ್ಕೆ ಮುಟ್ಟಬೇಕೆಂಬ ಚಿಂತೆ ಕೊಡುವುದರಷ್ಟೇ ಮುಖ್ಯವೆಂದು ಆ ಬೇಡ ಅರಿತಿದ್ದನು. ಕಣ್ಣಪ್ಪನ ಪಾತ್ರದಿಂದಲೇ 1954ರಲ್ಲಿ ಚಿತ್ರರಂಗಕ್ಕೆ ನಾಯಕನಾಗಿ ಬಂದ ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳು ದಾನವಾಗಿ ಸಂದುವು. ಆದರೆ ಮರಣಾನಂತರದ ನೇತ್ರದಾನದಿಂದ ದೊರೆಯುವುದು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ ಮಾತ್ರ. ಅದೊಂದೇ ಕೆಟ್ಟವರಿಗೆ ದೃಷ್ಟಿ ಮರಳುತ್ತದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿನ ಶಿಬಿರಗಳಲ್ಲಿ ಲಕ್ಷಾಂತರ ಮಂದಿಗೆ ಬೆಳಕು ಕೊಟ್ಟರಲ್ಲ, ಅದು ಕಣ್ಣಿನ ಪೊರೆಯ ಕತ್ತಲೆಯನ್ನು ತೆಗೆದು. ಸ್ಫೋಟದಲ್ಲಿ ಕಣ್ಣಿನ ಗುಡ್ಡೆಯೇ ಸೀಳಿಹೋದವನಿಗೆ, ದೃಷ್ಟಿನರವೇ ಕಡಿದುಹೋದವನಿಗೆ, ಯಾವ ವೈದ್ಯನೂ ಯಾವ ದಾನಿಯೂ ಇಂದಿನವರೆಗೆ ಕಣ್ಣು ಕೊಡಲಾರರು. ಅವನಿಗೆ ಬೇಕಾದುದು ಬ್ರೈಲ್, ಬಿಳಿಯ ಕೋಲು, ಓದಿ ಹೇಳುವ ಯಂತ್ರ, ಕೈಗೊಂದು ಕಸುಬು, ಮನೆಯವರಿಗೆ ತಿಳಿವಳಿಕೆ; ಇವೆಲ್ಲ ವರ್ಷಗಟ್ಟಲೆ ನಡೆಯಬೇಕಾದ ಕೆಲಸ, ವರ್ಷಗಟ್ಟಲೆ ಹಣ ಬೇಡುವ ಕೆಲಸ. ಒಂದು ದಿನದ ಬೆಟ್ಟ ಹಲವು ವರ್ಷಗಳ ಈ ಬಯಲನ್ನು ಮರೆಸಬಾರದು.

ಗದಗಿನ ವೀರೇಶ್ವರ ಪುಣ್ಯಾಶ್ರಮ ಇಲ್ಲಿಂದ ದೂರವೇನೂ ಅಲ್ಲ. ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದವರು; ಅಂಧರೂ ಅನಾಥರೂ ಅಲ್ಲಿ ಸಂಗೀತ ಕಲಿತು ಅನ್ನದ ದಾರಿ ಕಂಡುಕೊಂಡರು. ಆಶ್ರಮದ ಖರ್ಚಿಗಾಗಿ ನಾಟಕದ ಕಂಪನಿ ಊರೂರು ತಿರುಗಿತು. ಪುಟ್ಟರಾಜರನ್ನು ತಕ್ಕಡಿಯಲ್ಲಿ ಕೂರಿಸಿ, ಅವರ ತೂಕದ ನಾಣ್ಯವನ್ನು ಮತ್ತೊಂದು ತಟ್ಟೆಗೆ ಸುರಿಯುವ ತುಲಾಭಾರಗಳು ಎಷ್ಟೋ ಊರುಗಳಲ್ಲಿ ನಡೆದುವು. ದೇಹವನ್ನೂ ಧನವನ್ನೂ ಹೀಗೆ ಎದುರುಬದುರು ಇಟ್ಟು ತೂಗುವ ಪದ್ಧತಿ ಚಾರಣನಿಧಿಗೆ ಬಹಳ ಹತ್ತಿರದ್ದು. ವ್ಯತ್ಯಾಸವೆಂದರೆ ಅಲ್ಲಿ ತೂಗಿದುದು ಕೊಡುವವನ ದೇಹವನ್ನಲ್ಲ, ಪಡೆಯುವವನ ದೇಹವನ್ನು. ಪಡೆಯುವವನೇ ಅಲ್ಲಿ ಪೂಜ್ಯ. ಧಾರವಾಡದ ಸಂಗೀತಕ್ಕೆ ಕೀರ್ತಿ ತಂದ ಬಸವರಾಜ ರಾಜಗುರುಗಳು ಪಂಚಾಕ್ಷರಿಗಳ ಶಿಷ್ಯರು, ವೆಂಕಟೇಶಕುಮಾರರು ಪುಟ್ಟರಾಜರ ಶಿಷ್ಯರು. ಕಣ್ಣುಳ್ಳ ಇಬ್ಬರಿಗೂ ವಿದ್ಯೆಯನ್ನು ಕೊಟ್ಟವರು ಕಣ್ಣಿಲ್ಲದ ಗುರುಗಳು. ಅಂಧನೆಂದರೆ ಕೈಯೊಡ್ಡುವವನೆಂದೇ ಭಾವಿಸುವ ಮೌಢ್ಯವನ್ನು ಈ ಸೀಮೆಯವರು ಬೇರೆಯವರಿಗಿಂತ ಮೊದಲೇ ಬಿಡಬೇಕಿತ್ತು. ಪೂರ್ತಿ ಬಿಟ್ಟಿದ್ದೇವೆಂದು ನಾನು ಹೇಳಲಾರೆ.

ಜನಕನು ಯಾಜ್ಞವಲ್ಕ್ಯರನ್ನು ಕೇಳಿದ ಪ್ರಶ್ನೆ ಬೃಹದಾರಣ್ಯಕದಲ್ಲಿದೆ: ಮನುಷ್ಯನಿಗೆ ಬೆಳಕು ಯಾವುದು? ಸೂರ್ಯನೆಂಬುದು ಮೊದಲ ಉತ್ತರ. ಸೂರ್ಯ ಮುಳುಗಿದರೆ ಚಂದ್ರ, ಚಂದ್ರನೂ ಇಲ್ಲದಾಗ ಅಗ್ನಿ, ಅಗ್ನಿಯೂ ಆರಿದಾಗ ಮಾತು. ತನ್ನ ಕೈ ತನಗೆ ಕಾಣದ ಕತ್ತಲಲ್ಲಿಯೂ ದನಿ ಕೇಳಿದ ಕಡೆಗೆ ಮನುಷ್ಯ ನಡೆಯಬಲ್ಲನೆಂದು ಋಷಿ ಹೇಳುತ್ತಾನೆ. ಮಾತೂ ಅಡಗಿದ ಮೇಲೆ ಆತ್ಮವೇ ಬೆಳಕು. ಆ ಕೊನೆಯ ಮೆಟ್ಟಿಲನ್ನು ಸಿದ್ಧಾರೂಢರಂತಹ ಅನುಭಾವಿಗಳ ಪಾದದಡಿ ಕುಳಿತವರು ವಿಚಾರಿಸಲಿ. ನನ್ನ ಮನಸ್ಸು ನಿಲ್ಲುವುದು ಅದಕ್ಕೆ ಮುಂಚಿನ ಮೆಟ್ಟಿಲಿನಲ್ಲಿ. 2001ರ ಮೇ 25ರಂದು ಎವರೆಸ್ಟ್ ಶಿಖರವನ್ನು ಮುಟ್ಟಿದ ಅಂಧ ಎರಿಕ್ ವೈಹೆನ್‌ಮೇಯರ್‌ಗೆ ಮುಂದೆ ನಡೆಯುವ ಸಂಗಾತಿ ಕಟ್ಟಿಕೊಂಡ ಗಂಟೆಯ ದನಿಯೇ ದಾರಿ. 2021ರಲ್ಲಿ ಅಂಧರನ್ನೂ ಒಳಗೊಂಡ ಅಂಗವಿಕಲರ ತಂಡವೊಂದು ಸಿಯಾಚಿನ್ನಿನಲ್ಲಿ 15,632 ಅಡಿ ಎತ್ತರದ ಕುಮಾರ್ ಠಾಣೆಯವರೆಗೆ ನಡೆಯಿತು. 2025ರ ಮೇ ತಿಂಗಳಲ್ಲಿ ಹಿಮಾಚಲದ ಛೋಂಜಿನ್ ಆಂಗ್ಮೊ ಎಂಬ ದೃಷ್ಟಿಹೀನ ಯುವತಿ ಎವರೆಸ್ಟ್ ಏರಿದಳು. ಅಂದ ಮೇಲೆ ಅಂಧಯೋಧರಿಗಾಗಿ ಬೆಟ್ಟ ಏರುವವರು ಅಂಧಯೋಧರೊಡನೆಯೇ ಏಕೆ ಏರಬಾರದು? ಮಾರ್ಕಂಡೇಯ ಪುರಾಣದ ವಿಪಶ್ಚಿತ್ ರಾಜನು ಅಲ್ಪ ದೋಷಕ್ಕಾಗಿ ನರಕವನ್ನು ಹಾದು ಹೋಗಬೇಕಾಗಿ ಬಂದಾಗ, ಅವನ ಮೈಮೇಲಿಂದ ಬೀಸಿದ ಗಾಳಿಯೇ ಅಲ್ಲಿಯ ನೊಂದವರಿಗೆ ತಂಪಾಯಿತಂತೆ. ಇವರನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದು ಅವನು ಅಲ್ಲಿಯೇ ನಿಂತನಂತೆ. ತನ್ನ ಪುಣ್ಯವನ್ನೆಲ್ಲ ಅವರಿಗೆ ಧಾರೆಯೆರೆದುದು ಆಮೇಲೆ. ಮೊದಲು ಸಹವಾಸ, ಅನಂತರ ದಾನ ಎಂಬ ಆ ಕ್ರಮ ನನಗೆ ಬಹಳ ಸರಿಯೆಂದು ಕಾಣುತ್ತದೆ.

ಇಷ್ಟು ಹೇಳಿದ ಮೇಲೆ, ಏರದವರ ಮಾತು ಬಾಕಿಯಿದೆ. ಶಿಖರ ಮುಟ್ಟಿದ ಅಂಧನ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ನಿಧಿ ಅವನ ಹೆಸರಿನಲ್ಲಿ ಬೆಳೆಯುತ್ತದೆ. ಆದರೆ ಯಾವ ಬೆಟ್ಟವನ್ನೂ ಏರಲಾರದ, ಏರಲು ಮನಸ್ಸೂ ಇಲ್ಲದ, ಯಾರಿಗೂ ಸ್ಫೂರ್ತಿಯಾಗಬೇಕೆಂಬ ಆಸೆಯಿಲ್ಲದೆ ಹಳ್ಳಿಯ ಮನೆಯ ಕಟ್ಟೆಯ ಮೇಲೆ ರೇಡಿಯೋ ಕೇಳುತ್ತ ಕುಳಿತಿರುವ ನಿವೃತ್ತ ಸೈನಿಕನಿಗೂ ನಮ್ಮ ಮೇಲೆ ಅಷ್ಟೇ ಹಕ್ಕಿದೆ. 1949ರಿಂದ ಪ್ರತಿ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜದಿನವೆಂದು ಶಾಲೆಯ ಮಕ್ಕಳ ಎದೆಗೆ ಚಿಕ್ಕ ಧ್ವಜ ಸಿಗಿಸಿ ಕೂಡಿಸುವ ಹಣ ಇಂಥವರ ಲೆಕ್ಕಕ್ಕೂ ಸೇರುತ್ತದೆ. ಚಾರಣದ ಹಣವೂ ಸೇರಲಿ. ಹಣ ಕೂಡಿಸಿದ ತರುಣರು ಅಂಥವನ ಊರಿಗೂ ಹೋಗಬೇಕು, ಬೆಟ್ಟಕ್ಕೆ ಹೊರಟಷ್ಟೇ ಉತ್ಸಾಹದಿಂದ ಹೋಗಬೇಕು. ಅವನಿಗೆ ಏನು ಬೇಕೆಂದು ಅವನನ್ನೇ ಕೇಳಬೇಕು. ಯುದ್ಧದ ಕಥೆ ಹೇಳೆಂದು ಒತ್ತಾಯಿಸಬಾರದು. ಕೊಟ್ಟುದನ್ನು ಅವನು ಕೃತಜ್ಞತೆಯ ಒಂದು ಮಾತೂ ಆಡದೆ, ಸಾಲ ಕೊಟ್ಟವನು ಬಾಕಿ ಎಣಿಸಿಕೊಳ್ಳುವಂತೆ ಬೆರಳಿನಿಂದ ಎಣಿಸಿ ತೆಗೆದುಕೊಂಡರೆ, ತಂದವರು ಅದರಿಂದ ಸಂತೋಷವನ್ನೇ ಪಟ್ಟು, ಮುಂದಿನ ವರ್ಷ ಮತ್ತೆ ಬರುತ್ತೇವೆಂದು ಹೇಳಿ ಹೊರಡಬೇಕು.